ಹಾಟ್ ಟಬ್ಬಿನ ನೀರು ತಿಳಿಯಾಗಿದ್ದರೂ ಮಕ್ಕಳಿಗೆ ಗುಳ್ಳೆ ಎದ್ದದ್ದು ಏಕೆ?

ಪ್ರಶ್ನೆ: ನಾವು ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದೇವೆ. ಕಳೆದ ವರ್ಷ ಮಾಳಿಗೆಯ ಮೇಲೆ 1,200 ಲೀಟರ್ ನೀರು ಹಿಡಿಯುವ ಹಾಟ್ ಟಬ್ ಹಾಕಿಸಿದ್ದೇವೆ. ಬೋರ್‌ವೆಲ್ ನೀರನ್ನೇ ತುಂಬುತ್ತೇವೆ. ಈಜುಕೊಳದ ಸಾಮಾನು ಮಾರುವ ಅಂಗಡಿಯವರು ಕೊಟ್ಟ ಕ್ಲೋರಿನ್ ಬಿಲ್ಲೆಗಳನ್ನು ತೇಲುವ ಡಬ್ಬಿಯಲ್ಲಿ ಹಾಕಿಡುತ್ತೇವೆ. ನೀರು ಮಬ್ಬಾದಾಗ ಅದೇ ಡಬ್ಬಿಗೆ ಒಂದೆರಡು ಚಮಚ ಬ್ಲೀಚಿಂಗ್ ಪೌಡರನ್ನೂ ಹಾಕುವುದುಂಟು. ದೀಪಾವಳಿಗೆ ಗದಗಿನಿಂದ ಬಂದ ನೆಂಟರು, ಮಕ್ಕಳು ಎಲ್ಲರೂ ಎಣ್ಣೆ ಸ್ನಾನದ ನಂತರ ಟಬ್ಬಿನಲ್ಲಿ ಕುಳಿತರು. ಎರಡು ದಿನಗಳಲ್ಲಿ ಮಕ್ಕಳ ಹೊಟ್ಟೆ, ತೊಡೆ, ಪೃಷ್ಠದ ಮೇಲೆ ತುರಿಸುವ ಕೆಂಪು ಗುಳ್ಳೆಗಳೆದ್ದವು. ನೀರು ತಿಳಿಯಾಗಿತ್ತು, ಕ್ಲೋರಿನ್ ವಾಸನೆಯೂ ಚೆನ್ನಾಗಿ ಬರುತ್ತಿತ್ತು. ಹಾಗಾದರೆ ತಪ್ಪಿದ್ದು ಎಲ್ಲಿ? ಕ್ಲೋರಿನ್ನಿನ ಬದಲು ಬೇವಿನ ಸೊಪ್ಪು, ಪಟಿಕ ಬಳಸಬಹುದೇ? 68 ವರ್ಷದ ನಮ್ಮ ಅತ್ತೆಯವರಿಗೆ ಮೊಣಕಾಲು ನೋವಿದೆ, ಉಬ್ಬಸವೂ ಇದೆ; ಅವರು ಟಬ್ಬಿನಲ್ಲಿ ಕುಳಿತುಕೊಳ್ಳಬಹುದೇ? ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು, ಚೆಲ್ಲುವ ನೀರನ್ನು ಏನು ಮಾಡಬೇಕು?

ಉತ್ತರ: ಉಳಿದೆಲ್ಲ ಮಾತಿಗಿಂತ ಮೊದಲು ಒಂದು ಕೆಲಸವನ್ನು ಇವತ್ತೇ ಮಾಡಿ. ಈಜುಕೊಳದ ಅಂಗಡಿಯಲ್ಲಿ ಸಿಗುವ ಬಿಲ್ಲೆಗಳು ಸಾಮಾನ್ಯವಾಗಿ ಟಿಸಿಸಿಎ 90 ಎಂಬ ರಾಸಾಯನಿಕದವು. ಅದಕ್ಕೂ ಬ್ಲೀಚಿಂಗ್ ಪೌಡರಿಗೂ ಎಳ್ಳಷ್ಟೂ ಹೊಂದಿಕೆಯಿಲ್ಲ. ಎರಡೂ ಒಂದೇ ಡಬ್ಬಿಯಲ್ಲಿ ಸ್ವಲ್ಪ ತೇವದೊಂದಿಗೆ ಸೇರಿದರೆ ಕಾವು ಏರಿ ವಿಷಾನಿಲ ಹೊಮ್ಮುತ್ತದೆ, ಬೆಂಕಿ ಹತ್ತಬಹುದು, ಡಬ್ಬಿ ಸಿಡಿಯಲೂಬಹುದು. ಟಬ್ಬಿನ ಸಾವಿರಕ್ಕೂ ಹೆಚ್ಚು ಲೀಟರ್ ನೀರಿನಲ್ಲಿ ಇವು ಬೇರೆಬೇರೆಯಾಗಿ ಕರಗಿದಾಗ ಆ ಅಪಾಯ ಇರುವುದಿಲ್ಲ. ಅಪಾಯವಿರುವುದು ನೀವು ಎರಡನ್ನೂ ಒಟ್ಟಿಗೆ ಹಾಕುತ್ತಿರುವ ಆ ತೇಲುವ ಡಬ್ಬಿಯಲ್ಲಿ, ಎರಡಕ್ಕೂ ಒಂದೇ ಚಮಚ ಬಳಸುವುದರಲ್ಲಿ ಮತ್ತು ಎರಡನ್ನೂ ಒಂದೇ ಕಪಾಟಿನಲ್ಲಿ ಇಡುವುದರಲ್ಲಿ. ಇನ್ನು ಮುಂದೆ ಆ ಡಬ್ಬಿಗೆ ಏನನ್ನೂ ಸೇರಿಸಬೇಡಿ. ಈಗಾಗಲೇ ಹಾಕಿದ ಪೌಡರ್ ನೀರಿನಲ್ಲಿ ಪೂರ್ತಿ ಕರಗಿಹೋದ ಮೇಲೆ ಅದನ್ನು ನೀರಿನಿಂದ ತೆಗೆದು, ಗಾಳಿಯಾಡುವ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಪ್ಲಾಸ್ಟಿಕ್ ಬಕೀಟಿನಲ್ಲಿಡಿ. ಒದ್ದೆ ಬಿಲ್ಲೆಯನ್ನು ಬಿಗಿ ಮುಚ್ಚಳದ ಡಬ್ಬಿಯೊಳಗೆ ಮುಚ್ಚಿಡಬೇಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನೀರು ತಿಳಿಯಾಗಿರುವುದಕ್ಕೂ ಅದು ಸುರಕ್ಷಿತವಾಗಿರುವುದಕ್ಕೂ ನೇರ ಸಂಬಂಧವಿಲ್ಲ. ಒಂದು ಚಮಚ ನೀರಿನಲ್ಲಿ ಸಾವಿರಾರು ಬ್ಯಾಕ್ಟೀರಿಯಾಗಳಿದ್ದರೂ ಆ ನೀರು ಕಣ್ಣಿಗೆ ಗಾಜಿನಷ್ಟು ಸ್ವಚ್ಛವಾಗಿ ಕಾಣಬಹುದು. ವಾಸನೆಯ ವಿಷಯದಲ್ಲಂತೂ ನಾವು ತಿಳಿದಿರುವುದು ಪೂರ್ತಿ ತಿರುವುಮುರುವು. ಕೆಲಸ ಮಾಡುವ ಕ್ಲೋರಿನ್ನಿಗೆ, ಅಂದರೆ ಮುಕ್ತ ಕ್ಲೋರಿನ್ನಿಗೆ, ಟಬ್ಬಿನಲ್ಲಿ ಇರಬೇಕಾದ ಪ್ರಮಾಣದಲ್ಲಿ ಅಷ್ಟೇನೂ ವಾಸನೆ ಇರುವುದಿಲ್ಲ. ಮೂಗಿಗೆ ಅಡರುವ, ಕಣ್ಣು ಉರಿಸುವ ಆ ವಾಸನೆ ಬೆವರು ಮತ್ತು ಮೂತ್ರದ ಸಾರಜನಕದ ಅಂಶಗಳೊಂದಿಗೆ ಕ್ಲೋರಿನ್ ಕೂಡಿಕೊಂಡು ಆಗುವ ಕ್ಲೋರಮೀನುಗಳದು. ಆ ರೂಪದಲ್ಲಿ ಕ್ಲೋರಿನ್ನಿನ ಸೋಂಕುನಿವಾರಕ ಶಕ್ತಿ ಬಹುಪಾಲು ಉಡುಗಿಹೋಗಿರುತ್ತದೆ. ಆದ್ದರಿಂದ ವಾಸನೆ ಜೋರಾಗಿದ್ದರೆ ಕ್ಲೋರಿನ್ ಸಾಲುತ್ತಿಲ್ಲ ಎಂದೇ ಹೆಚ್ಚಿನ ವೇಳೆ ಅರ್ಥ.

ಹಾಟ್ ಟಬ್ಬಿನ ನೀರು ಈಜುಕೊಳದ ನೀರಿಗಿಂತ ಬೇಗ ಕೆಡುವುದು ಏಕೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭವಾಗುತ್ತದೆ. ನಮ್ಮ ಕಡೆ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಬೆಳಗಿ, ಹೊಸ ನೀರು ತುಂಬಿ, ಮರುದಿನ ನಸುಕಿನಲ್ಲಿ ಕಾಯಿಸಿ ಮೈಮೇಲೆ ಸುರಿದುಕೊಳ್ಳುತ್ತೇವೆ. ಮೈಗೆ ತಾಗಿದ ನೀರು ಬಚ್ಚಲ ಮೋರಿಗೆ ಹೋಗುತ್ತದೆಯೇ ಹೊರತು ಮತ್ತೆ ಹಂಡೆಗೆ ಬರುವುದಿಲ್ಲ. ಟಬ್ಬಿನಲ್ಲಿ ಹಾಗಲ್ಲ: ನಾಲ್ಕು ಜನ ಕೂತೆದ್ದ ಮೇಲೂ ಅದೇ ನೀರು ಅಲ್ಲೇ ಇರುತ್ತದೆ, ಮರುದಿನ ಮತ್ತೆ ನಾಲ್ಕು ಜನ ಅದರಲ್ಲೇ ಕೂರುತ್ತಾರೆ, ವಾರಗಟ್ಟಲೆ ಹೀಗೇ ನಡೆಯುತ್ತದೆ. ದೊಡ್ಡ ಈಜುಕೊಳದಲ್ಲಿ ನಾಲ್ವರ ಬೆವರು ಲಕ್ಷಾಂತರ ಲೀಟರಿನಲ್ಲಿ ಹಂಚಿಹೋದರೆ ನಿಮ್ಮಲ್ಲಿ 1,200 ಲೀಟರಿನಲ್ಲಿ ಸೇರುತ್ತದೆ. ಮೇಲಾಗಿ 38–40 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕ್ಲೋರಿನ್ ತಾನಾಗಿಯೇ ಬೇಗ ಕುಂದಿಹೋಗುತ್ತದೆ, ಜೆಟ್‌ಗಳು ನೀರನ್ನು ಕಲಕಿ ಗಾಳಿಯೊಂದಿಗೆ ಬೆರೆಸುವುದರಿಂದ ಇನ್ನಷ್ಟು ಬೇಗ ಹಾರಿಹೋಗುತ್ತದೆ, ಅದೇ ಕಾವು ಬ್ಯಾಕ್ಟೀರಿಯಾಗಳಿಗೆ ಮಾತ್ರ ಹೇಳಿಮಾಡಿಸಿದ ಹಾಗಿರುತ್ತದೆ. ಬೆಳಿಗ್ಗೆ ಸರಿಯಿದ್ದ ನೀರು ಸಂಜೆಗೆ ಸರಿಯಿರುತ್ತದೆ ಎಂದು ಹೇಳಲು ಬರುವುದಿಲ್ಲ.

ಮಕ್ಕಳ ಮೈಮೇಲೆ ಎದ್ದದ್ದು, ನೀವು ಬರೆದ ಲಕ್ಷಣಗಳ ಪ್ರಕಾರ, ಸ್ಯೂಡೊಮೋನಾಸ್ ಎರುಜಿನೋಸಾ ಎಂಬ ಬ್ಯಾಕ್ಟೀರಿಯಾ ಕೂದಲಿನ ಬುಡಕ್ಕೆ ಇಳಿದು ಉಂಟುಮಾಡುವ ಉರಿಯೂತದಂತೆ ಕಾಣುತ್ತದೆ. ಒದ್ದೆ ಬಟ್ಟೆ ಮೈಗೆ ಅಂಟಿಕೊಂಡಿದ್ದ ಭಾಗದಲ್ಲಿ ಅದು ಹೆಚ್ಚು; ಹೊಟ್ಟೆ, ತೊಡೆ, ಪೃಷ್ಠ ಎಂದು ನೀವು ಬರೆದದ್ದು ಅದಕ್ಕೆ ಹೊಂದುತ್ತದೆ. ಬಹುಪಾಲು ಜನರಲ್ಲಿ ಕೆಲವು ದಿನಗಳಲ್ಲಿ ತಾನಾಗಿ ಮಾಯುತ್ತದೆ. ಜ್ವರ ಬಂದರೆ, ಗುಳ್ಳೆಗಳಲ್ಲಿ ಕೀವು ಹೆಚ್ಚಾದರೆ, ವಾರ ಕಳೆದರೂ ಕಡಿಮೆಯಾಗದಿದ್ದರೆ ಚರ್ಮವೈದ್ಯರಿಗೆ ತೋರಿಸಿ, ಹಾಟ್ ಟಬ್ಬಿನಲ್ಲಿ ಕುಳಿತಿದ್ದ ಸಂಗತಿಯನ್ನು ಬಾಯಿಬಿಟ್ಟು ಹೇಳಿ.

ಸ್ಯೂಡೊಮೋನಾಸ್ ಒಂಟಿಯಾಗಿ ನೀರಿನಲ್ಲಿ ತೇಲುತ್ತಿದ್ದರೆ ಕ್ಲೋರಿನ್ ಅದನ್ನು ಬೇಗ ಕೊಲ್ಲುತ್ತದೆ. ಅದು ಬದುಕುಳಿಯುವುದು ಲೋಳೆಯೊಳಗೆ ಸೇರಿಕೊಂಡು. ನಿಮ್ಮ ಟಬ್ಬಿನ ಫಿಲ್ಟರ್ ಕಾರ್ಟ್ರಿಜ್ ಅನ್ನು ಹೊರತೆಗೆದು, ಮಡಿಕೆಗಳ ನಡುವೆ ಹೆಬ್ಬೆರಳು ತೂರಿಸಿ ಬಿಡಿಸಿ ನೋಡಿ. ಮೇಲೆ ಬಿಳಿಯಾಗಿ ಕಾಣುವ ಬಟ್ಟೆ ಒಳಮಡಿಕೆಯಲ್ಲಿ ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೆಂಡೆಕಾಯಿ ಲೋಳೆಯಂತೆ ಜಾರುತ್ತಿದ್ದರೆ ಅದೇ ಆ ಲೋಳೆ. ಫಿಲ್ಟರಿನಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಜೆಟ್‌ಗಳಿಗೆ ನೀರು ಒಯ್ಯುವ ಪೈಪುಗಳ ಒಳಗೋಡೆಯ ಮೇಲೂ ಅದೇ ಪದರ ಹಬ್ಬಿರುತ್ತದೆ, ಅದು ಕಾಣುವುದಿಲ್ಲ. ಕ್ಲೋರಿನ್ ಕೆಲವೇ ಗಂಟೆ ಕಡಿಮೆಯಾದರೂ ಬ್ಯಾಕ್ಟೀರಿಯಾ ಆ ಪದರದಿಂದ ನೀರಿಗೆ ಬಂದು ಹೆಚ್ಚಿಕೊಳ್ಳುತ್ತದೆ.

ಹಾಗಾದರೆ ವರ್ಷವಿಡೀ ಬಿಲ್ಲೆ ಕರಗುತ್ತಿದ್ದರೂ ಕ್ಲೋರಿನ್ ಸಾಲದಾದದ್ದು ಹೇಗೆ? ಇಲ್ಲಿಯೇ ನಿಮ್ಮ ಟಬ್ಬಿನ ನಿಜವಾದ ತೊಡಕಿದೆ ಎಂದು ನನ್ನ ಅಂದಾಜು. ಟಿಸಿಸಿಎ ಬಿಲ್ಲೆ ಕರಗಿದಾಗ ಕ್ಲೋರಿನ್ನಿನ ಜೊತೆ ಸಯನ್ಯೂರಿಕ್ ಆಮ್ಲವೂ ನೀರಿಗೆ ಸೇರುತ್ತದೆ. ಬಿಸಿಲಿನಲ್ಲಿ ತೆರೆದುಕೊಂಡಿರುವ ಈಜುಕೊಳದಲ್ಲಿ ಈ ಆಮ್ಲ ಕ್ಲೋರಿನ್ನನ್ನು ಸೂರ್ಯನ ಬೆಳಕಿನಿಂದ ಕಾಪಾಡುತ್ತದೆ, ಅಲ್ಲಿ ಅದರ ಉಪಯೋಗವಿದೆ. ಮುಚ್ಚಳ ಹಾಕಿಟ್ಟ ಟಬ್ಬಿಗೆ ಆ ರಕ್ಷಣೆ ಬೇಕಿಲ್ಲ. ಕ್ಲೋರಿನ್ ಖರ್ಚಾಗುತ್ತದೆ, ಈ ಆಮ್ಲ ಖರ್ಚಾಗುವುದಿಲ್ಲ. ನೀರು ಚೆಲ್ಲುವವರೆಗೂ ಅದು ಅಲ್ಲೇ ಕೂಡುತ್ತ ಹೋಗಿ, ಕ್ಲೋರಿನ್ನನ್ನು ತನ್ನೊಂದಿಗೆ ಕಟ್ಟಿಹಾಕಿ ನಿಧಾನಗೊಳಿಸುತ್ತದೆ. 200 ಗ್ರಾಂ ತೂಕದ ಒಂದೇ ಒಂದು ಬಿಲ್ಲೆ ನಿಮ್ಮ 1,200 ಲೀಟರಿನಲ್ಲಿ ಪೂರ್ತಿ ಕರಗಿದರೆ ಸಯನ್ಯೂರಿಕ್ ಆಮ್ಲ ಸುಮಾರು 90 ಪಿಪಿಎಂ ಏರುತ್ತದೆ. ಪಿಪಿಎಂ ಎಂದರೆ ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ. ಅಂಥ ಎರಡು ಮೂರು ಬಿಲ್ಲೆ ಕರಗಿದ ನೀರಿನಲ್ಲಿ ಪರೀಕ್ಷೆಯ ಬಣ್ಣ ಕ್ಲೋರಿನ್ ಇದೆ ಎಂದು ತೋರಿಸಿದರೂ ಅದರ ಕೈ ಕಟ್ಟಿಹೋಗಿರುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹಾಟ್ ಟಬ್ಬುಗಳಲ್ಲಿ ಈ ಆಮ್ಲವನ್ನು ಬಳಸದಿರುವುದೇ ಒಳಿತು ಎನ್ನುತ್ತದೆ, ನಾನೂ ಅದನ್ನೇ ಹೇಳುತ್ತೇನೆ. ಟಿಸಿಸಿಎ ಬಹಳ ಹುಳಿಯಾದ ರಾಸಾಯನಿಕವಾದ್ದರಿಂದ ಬಿಲ್ಲೆ ತಾಗಿ ನಿಂತಲ್ಲಿ ಟಬ್ಬಿನ ಅಕ್ರಿಲಿಕ್ ಮೈಯೂ ಕಲೆಗಟ್ಟುತ್ತದೆ.

ಇದರ ಮೇಲೆ ಎಣ್ಣೆ ಬಂತು. ನೆತ್ತಿಗೆ, ಮೈಗೆ ಕೊಬ್ಬರಿ ಎಣ್ಣೆ ಅಥವಾ ಹರಳೆಣ್ಣೆ ತಿಕ್ಕಿಕೊಂಡು, ಸೀಗೆಕಾಯಿ ಹಚ್ಚಿ ತೊಳೆದುಕೊಂಡರೂ ಎಣ್ಣೆಯ ಅಂಶ ಚರ್ಮದ ಮೇಲೆ ಉಳಿದೇ ಉಳಿಯುತ್ತದೆ. ಹಬ್ಬದ ಸ್ನಾನದ ಉದ್ದೇಶವೂ ಅದೇ ತಾನೆ. ಆ ಎಣ್ಣೆ, ಅರಿಶಿನ, ಸಾಬೂನಿನ ಉಳಿಕೆ ಎಲ್ಲವೂ ಬಿಸಿನೀರಿಗೆ ಬಿಟ್ಟುಕೊಂಡು ಕ್ಲೋರಿನ್ನನ್ನು ನುಂಗುತ್ತವೆ, ಫಿಲ್ಟರಿನ ಮಡಿಕೆಗಳನ್ನು ಕಟ್ಟಿಸುತ್ತವೆ, ನೀರಿನ ಅಂಚಿಗೆ ಜಿಡ್ಡಿನ ಗೆರೆ ಕಟ್ಟುತ್ತವೆ. ಇಷ್ಟೊಂದು ಜನ ಒಂದಾದ ಮೇಲೊಂದು ಸರದಿಯಲ್ಲಿ ಹೀಗೆ ಕುಳಿತ ಸಂಜೆ, ಮೊದಲೇ ಕುಂದಿದ್ದ ಕ್ಲೋರಿನ್ ಪೂರ್ತಿ ಬರಿದಾಗಿರಬೇಕು. ಎಣ್ಣೆ ಸ್ನಾನದ ದಿನ ಟಬ್ ಬೇಡ ಎಂಬ ನಿಯಮವನ್ನು ಮನೆಯಲ್ಲಿ ಹಾಕಿಕೊಳ್ಳಿ. ಉಳಿದ ದಿನಗಳಲ್ಲಿಯೂ ಟಬ್ಬಿಗೆ ಇಳಿಯುವ ಮುನ್ನ ಬಚ್ಚಲಿಗೆ ಹೋಗಿ, ಸಾಬೂನು ಹಚ್ಚಿ, ಮೈಯನ್ನು ಚೆನ್ನಾಗಿ ತೊಳೆದುಕೊಂಡು ಬರಬೇಕು. ಟಬ್ಬಿನಲ್ಲಿ ತೊಡುವ ಬಟ್ಟೆಯನ್ನು ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಬರಿನೀರಿನಲ್ಲಿ ಮತ್ತೊಮ್ಮೆ ಜಾಲಿಸಿ, ಇಲ್ಲವಾದರೆ ನೊರೆ ಕಟ್ಟುತ್ತದೆ.

ಈಗ ಮಾಡಬೇಕಾದದ್ದು. ಈ ನೀರನ್ನು ಸರಿಪಡಿಸಲು ಹೋಗಬೇಡಿ. ಸಯನ್ಯೂರಿಕ್ ಆಮ್ಲವನ್ನು ತೆಗೆಯಲು ಮನೆಯಲ್ಲಿ ನೀರು ಬದಲಿಸುವುದೊಂದೇ ದಾರಿ. ಚೆಲ್ಲುವ ಮುನ್ನ, ಹಳೆಯ ನೀರಿರುವಾಗಲೇ, ಟಬ್ಬಿನ ಪೈಪು ತೊಳೆಯಲೆಂದೇ ಮಾರುವ ದ್ರಾವಣವನ್ನು ಹಾಕಿ, ಅದರ ಚೀಟಿಯಲ್ಲಿ ಬರೆದಷ್ಟು ಹೊತ್ತು ಎಲ್ಲ ಜೆಟ್‌ಗಳನ್ನೂ ಓಡಿಸಿ. ಕಂದು ಅಥವಾ ಬೂದು ಬಣ್ಣದ ಹೊಪ್ಪಳೆಗಳು ತೇಲಿಬರುವುದನ್ನು ಕಂಡು ಗಾಬರಿಯಾಗಬೇಡಿ. ಅವು ಪೈಪಿನಿಂದ ಕಿತ್ತುಬಂದ ಪದರಗಳು. ನೀರು ಖಾಲಿ ಮಾಡಿ, ಒಳಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಮುಚ್ಚಳದ ಒಳಭಾಗವನ್ನೂ ಮರೆಯದೆ ತೊಳೆಯಿರಿ. ಹಳೆಯ ಕಾರ್ಟ್ರಿಜ್ ಎಸೆದು ಹೊಸದನ್ನು ತನ್ನಿ. ಹೊಸ ನೀರು ತುಂಬಿದ ಮೇಲೆ ಮುಕ್ತ ಕ್ಲೋರಿನ್ನನ್ನು 20 ಪಿಪಿಎಂಗೆ ಏರಿಸಿ, ಜೆಟ್ ಓಡಿಸಿ, 10 ಗಂಟೆ ಹಾಗೇ ಕಾಯ್ದುಕೊಳ್ಳಿ. ಆಮೇಲೆ ಮುಚ್ಚಳ ತೆಗೆದಿಟ್ಟರೆ ಒಂದೆರಡು ದಿನಗಳಲ್ಲಿ ಬಿಸಿಲು ತಾನಾಗಿ ಅದನ್ನು ಇಳಿಸುತ್ತದೆ, ಇನ್ನೊಮ್ಮೆ ನೀರು ಚೆಲ್ಲಬೇಕಾಗಿಲ್ಲ. ಅಲ್ಲಿಯವರೆಗೆ ಯಾರೂ ಇಳಿಯಬಾರದು, ಮಕ್ಕಳು ಹತ್ತಿರ ಸುಳಿಯದಂತೆಯೂ ನೋಡಿಕೊಳ್ಳಿ.

ತುಂಬುವ ನೀರಿನ ವಿಷಯದಲ್ಲಿ ಒಂದು ಮಾತು. ನಿಮ್ಮ ಬೋರ್‌ವೆಲ್ ನೀರು ಸವಳಾಗಿರುವುದು ಸಹಜ. ಹಂಡೆ, ಗೀಸರುಗಳಲ್ಲಿ ಕಟ್ಟುವ ಬಿಳಿ ಹೊಪ್ಪಳೆ ಟಬ್ಬಿನ ಹೀಟರಿನ ಮೇಲೂ ಕಟ್ಟುತ್ತದೆ. ಟಬ್ಬಿಗೆ 150ರಿಂದ 250 ಪಿಪಿಎಂ ಕ್ಯಾಲ್ಸಿಯಂ ಗಡಸುತನ ಒಳ್ಳೆಯದು. ಮಲಪ್ರಭಾ ಜಲಾಶಯದಿಂದ ಬರುವ ನಲ್ಲಿಯ ನೀರು ಬೋರ್‌ವೆಲ್ ನೀರಿಗಿಂತ ಮೆದು. ನಲ್ಲಿ ನೀರು ಬಂದ ದಿನ ಟಬ್ ತುಂಬುವಂತೆ ಹೊಂದಿಸಿಕೊಂಡರೆ, ಅಥವಾ ಎರಡನ್ನೂ ಬೆರೆಸಿಕೊಂಡರೆ, ಅರ್ಧ ತೊಂದರೆ ಅಲ್ಲಿಗೇ ಕಳೆಯುತ್ತದೆ. ನಲ್ಲಿ ನೀರಿನಲ್ಲಿ ಹೇಗೂ ಕ್ಲೋರಿನ್ ಇರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಕೇಳುವ ಉಳಿಕೆ ಕ್ಲೋರಿನ್ ಕನಿಷ್ಠ 0.2 ಪಿಪಿಎಂ. ಹಾಟ್ ಟಬ್ಬಿಗೆ ಬೇಕಾದದ್ದು ಕನಿಷ್ಠ 3 ಪಿಪಿಎಂ, ಹದಿನೈದು ಪಟ್ಟು. ಗದಗ, ಮುಂಡರಗಿ ಕಡೆಯ ಓದುಗರು ಫ್ಲೋರೈಡಿನ ಬಗ್ಗೆ ಚಿಂತಿಸಬಹುದು. ಫ್ಲೋರೈಡಿನ ತೊಂದರೆ ಇರುವುದು ಕುಡಿಯುವುದರಲ್ಲಿ ಮತ್ತು ಅಡುಗೆಯಲ್ಲಿ. ಮೈ ತೋಯಿಸುವ ನೀರಿನಲ್ಲಿ ಅದರ ಬಗ್ಗೆ ಆತಂಕ ಬೇಡ.

ಯಾವ ಕ್ಲೋರಿನ್ ಬಳಸಬೇಕು ಎಂದರೆ, ಸುವಾಸನೆ, ಸೋಪು, ಗಟ್ಟಿಕಾರಕ ಯಾವುದೂ ಸೇರಿಸದ ಸಾದಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ನನ್ನ ಆಯ್ಕೆ. ಅದರಲ್ಲಿ ಸಯನ್ಯೂರಿಕ್ ಆಮ್ಲವಿಲ್ಲ, ಬ್ಲೀಚಿಂಗ್ ಪೌಡರಿನಂತೆ ಸುಣ್ಣದ ಗಸಿಯೂ ಉಳಿಯುವುದಿಲ್ಲ. ಶೇಕಡಾ 5ರ ದ್ರಾವಣವಾದರೆ ನಿಮ್ಮ 1,200 ಲೀಟರಿಗೆ 24 ಮಿಲಿ ಹಾಕಿದಾಗ ಕ್ಲೋರಿನ್ 1 ಪಿಪಿಎಂ ಏರುತ್ತದೆ. ಹಾಗಾಗಿ ಸೊನ್ನೆಯಿಂದ 3ಕ್ಕೆ ತರಲು ಸುಮಾರು 72 ಮಿಲಿ, ಮೇಲೆ ಹೇಳಿದ 20 ಪಿಪಿಎಂಗೆ 480 ಮಿಲಿ ಬೇಕು. ಶೇಕಡಾ 10ರ ದ್ರಾವಣವಾದರೆ ಇದರ ಅರ್ಧ. ನಮ್ಮ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕ್ಯಾನಿನಲ್ಲಿದ್ದ ದ್ರಾವಣ ತಾನೇ ಶಕ್ತಿಗುಂದುತ್ತದೆ; ಆದ್ದರಿಂದ ಸಣ್ಣ ಕ್ಯಾನ್ ಕೊಳ್ಳಿ, ನೆರಳಿನಲ್ಲಿಡಿ, ಲೆಕ್ಕಕ್ಕಿಂತ ಪರೀಕ್ಷೆಯ ಫಲವನ್ನು ನಂಬಿ. ಡೈಕ್ಲೋರ್ ಎಂಬ ಹರಳು ಬಳಸಲು ಸುಲಭವೇನೋ ಹೌದು, ಆದರೆ ಅದೂ ಸಯನ್ಯೂರಿಕ್ ಆಮ್ಲವನ್ನು ಕೂಡಿಸುತ್ತ ಹೋಗುವ ವರ್ಗಕ್ಕೇ ಸೇರಿದ್ದು. ಬ್ರೋಮಿನ್ ಎಂಬ ಇನ್ನೊಂದು ಸೋಂಕುನಿವಾರಕ ಬಿಸಿನೀರಿಗೆ ಒಗ್ಗುತ್ತದೆ. ಬಳಸುವುದಾದರೆ 4ರಿಂದ 8 ಪಿಪಿಎಂ ಇರಬೇಕು.

ಕ್ಲೋರಿನ್ ಎಷ್ಟಿದೆ ಎಂಬುದರಷ್ಟೇ ಮುಖ್ಯವಾದದ್ದು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ. ಪಿಎಚ್ 7.2 ಇದ್ದಾಗ ಮುಕ್ತ ಕ್ಲೋರಿನ್ನಿನ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಚುರುಕು ರೂಪದಲ್ಲಿರುತ್ತದೆ, 7.5ರಲ್ಲಿ ಅರ್ಧದಷ್ಟು, 8ಕ್ಕೆ ಏರಿದರೆ ಕಾಲು ಪಾಲು ಮಾತ್ರ. ಅಂದರೆ ಪಿಎಚ್ ಏರಿದ ಟಬ್ಬಿನಲ್ಲಿ ಅದೇ 3 ಪಿಪಿಎಂ ಕ್ಲೋರಿನ್ ಮೂರನೇ ಒಂದು ಪಾಲಿನ ಕೆಲಸವನ್ನೂ ಸರಿಯಾಗಿ ಮಾಡದೆ ಹೋಗಬಹುದು. ಜೆಟ್‌ಗಳ ಗಾಳಿಯಿಂದ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಹೋಗುವುದರಿಂದ ಟಬ್ಬಿನ ಪಿಎಚ್ ಸದಾ ಮೇಲ್ಮುಖವಾಗಿಯೇ ಸರಿಯುತ್ತಿರುತ್ತದೆ. ಅದನ್ನು 7.2ರಿಂದ 7.6ರ ಒಳಗೆ ಇಟ್ಟುಕೊಳ್ಳಿ. ಇಳಿಸಲು ಸೋಡಿಯಂ ಬೈಸಲ್ಫೇಟ್ ಪುಡಿಯನ್ನು ಬಕೀಟಿನ ನೀರಿನಲ್ಲಿ ಕರಗಿಸಿ, ಒಂದೇ ಸಲಕ್ಕೆ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕಿ, ಅರ್ಧ ಗಂಟೆ ಪಂಪು ಓಡಿಸಿ ಮತ್ತೆ ಅಳೆಯಿರಿ. ಈ ಆಮ್ಲದ ಪುಡಿಯನ್ನೂ ಕ್ಲೋರಿನ್ನನ್ನೂ ಒಂದೇ ಬಕೀಟಿನಲ್ಲಿ ಎಂದಿಗೂ ಬೆರೆಸಬಾರದು. ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ರಾಸಾಯನಿಕವನ್ನು ಯಾವಾಗಲೂ ನೀರಿಗೆ ಸೇರಿಸಬೇಕು, ರಾಸಾಯನಿಕದ ಮೇಲೆ ನೀರು ಸುರಿಯಬಾರದು. ಪಿಎಚ್ ನಿಲ್ಲದೆ ಕುಣಿಯುತ್ತಿದ್ದರೆ ಕ್ಷಾರತೆ, ಅಂದರೆ ಪಿಎಚ್ ಅನ್ನು ಹಿಡಿದು ನಿಲ್ಲಿಸುವ ನೀರಿನ ಗುಣ, ಕಡಿಮೆಯಾಗಿದೆ ಎಂದು ತಿಳಿಯಿರಿ. ಅದು 80ರಿಂದ 120 ಪಿಪಿಎಂ ಇರಲಿ. 20 ಗ್ರಾಂ ಅಡುಗೆ ಸೋಡಾ ನಿಮ್ಮ ಟಬ್ಬಿನಲ್ಲಿ ಅದನ್ನು ಸುಮಾರು 10 ಪಿಪಿಎಂ ಏರಿಸುತ್ತದೆ. ಬೋರ್‌ವೆಲ್ ನೀರಿನಲ್ಲಿ ಕ್ಷಾರತೆ ಸಾಮಾನ್ಯವಾಗಿ ಹೆಚ್ಚೇ ಇರುವುದರಿಂದ ನಿಮಗೆ ಸೋಡಾಕ್ಕಿಂತ ಆಮ್ಲದ ಅವಶ್ಯಕತೆಯೇ ಹೆಚ್ಚು ಬಿದ್ದೀತು.

ಇವೆಲ್ಲವೂ ನಿಂತಿರುವುದು ಪರೀಕ್ಷೆಯ ಮೇಲೆ. ನಮ್ಮಲ್ಲಿ ಅಗ್ಗಕ್ಕೆ ಸಿಗುವ, ಹನಿ ಹಾಕಿದರೆ ನೀರು ಹಳದಿಯಾಗುವ ಕಿಟ್‌ಗಳು ಒಟ್ಟು ಕ್ಲೋರಿನ್ನನ್ನು ತೋರಿಸುತ್ತವೆ. ಕೆಲಸಕ್ಕೆ ಬಾರದ ಕ್ಲೋರಮೀನನ್ನೂ ಲೆಕ್ಕಕ್ಕೆ ಸೇರಿಸಿ ಹಳದಿಯಾಗುತ್ತವೆ. ಹಾಟ್ ಟಬ್ಬಿಗೆ ಅವು ಸಾಲವು. ಮುಕ್ತ ಕ್ಲೋರಿನ್ನನ್ನು ಬೇರೆಯಾಗಿ ತೋರಿಸುವ, ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತನ್ನಿ. ಜೆಟ್ಟಿನ ಬಾಯಿಗೆ ಹತ್ತಿರವಿಲ್ಲದ ಕಡೆ, ಮೊಣಕೈ ಮುಳುಗುವಷ್ಟು ಆಳದಿಂದ ಮಾದರಿ ತೆಗೆದು, ಗುಳಿಗೆಯನ್ನು ಕೈಯಿಂದ ಮುಟ್ಟದೆ ನಳಿಕೆಗೆ ಹಾಕಿ ಕರಗಿಸಿ, ಬಿಳಿ ಕಾಗದದ ಎದುರು ಹಗಲು ಬೆಳಕಿನ ನೆರಳಿನಲ್ಲಿ ಹಿಡಿದು ಬಣ್ಣವನ್ನು ಹೋಲಿಸಿ. ಇಲ್ಲೊಂದು ಮೋಸವಿದೆ. ಕ್ಲೋರಿನ್ ವಿಪರೀತ ಹೆಚ್ಚಿದ್ದಾಗ ಗುಳಿಗೆ ಒಂದು ಕ್ಷಣ ಗುಲಾಬಿ ಹೊಗೆ ಬಿಟ್ಟು ಕೂಡಲೇ ಬಣ್ಣ ಕಳೆದುಕೊಂಡು ನೀರು ಬೆಳ್ಳಗಾಗುತ್ತದೆ. ನೋಡಿದವರು ಕ್ಲೋರಿನ್ ಸೊನ್ನೆ ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಬಣ್ಣ ಬಂದು ಮಾಯವಾಯಿತೆಂದು ಸಂಶಯ ಬಂದರೆ ಒಂದು ಪಾಲು ಟಬ್ಬಿನ ನೀರಿಗೆ ನಾಲ್ಕು ಪಾಲು ಬಾಟಲಿ ನೀರು ಬೆರೆಸಿ ಮತ್ತೆ ಅಳೆದು, ಬಂದ ಅಂಕಿಯನ್ನು ಐದರಿಂದ ಗುಣಿಸಿ.

ಪ್ರತಿ ಸಲ ಇಳಿಯುವ ಮುನ್ನ ಕ್ಲೋರಿನ್ ಮತ್ತು ಪಿಎಚ್ ನೋಡಲೇಬೇಕು. ಕ್ಲೋರಿನ್ 3ಕ್ಕಿಂತ ಕಡಿಮೆ ಅಥವಾ 10ಕ್ಕಿಂತ ಹೆಚ್ಚಿದ್ದರೆ ಅಂದು ಟಬ್ ಇಲ್ಲ. ಎದ್ದ ಮೇಲೆ, ಮುಚ್ಚಳ ಹಾಕುವ ಮೊದಲು, ಕ್ಲೋರಿನ್ ಹಾಕಿ ಜೆಟ್ ಓಡಿಸಬೇಕು; ಏಕೆಂದರೆ ಬ್ಯಾಕ್ಟೀರಿಯಾಕ್ಕೆ ಆಹಾರ ಸಿಕ್ಕಿರುವುದು ಆಗಲೇ. ಬಳಸದ ದಿನಗಳಲ್ಲಿಯೂ ದಿನಕ್ಕೊಮ್ಮೆ ನೋಡಿ. ವಾರಕ್ಕೊಮ್ಮೆ ರಾತ್ರಿ ಕ್ಲೋರಿನ್ನನ್ನು 10 ಪಿಪಿಎಂಗೆ ಏರಿಸಿ ಸ್ವಲ್ಪ ಹೊತ್ತು ಮುಚ್ಚಳ ತೆರೆದಿಟ್ಟರೆ ಕೂಡಿಕೊಂಡ ಕ್ಲೋರಮೀನುಗಳು ಒಡೆದು ಹೋಗುತ್ತವೆ. ಕಾರ್ಟ್ರಿಜ್ ಅನ್ನು ವಾರಕ್ಕೊಮ್ಮೆ ಪೈಪಿನ ನೀರಿನಿಂದ ಪ್ರತಿ ಮಡಿಕೆಯನ್ನೂ ಬಿಡಿಸಿ ತೊಳೆಯಿರಿ, ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯುವ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿಡಿ. ಎರಡು ಕಾರ್ಟ್ರಿಜ್ ಇಟ್ಟುಕೊಂಡು ಒಂದು ಒಣಗುವಾಗ ಇನ್ನೊಂದನ್ನು ಬಳಸುವುದು ಒಳ್ಳೆಯ ರೂಢಿ. ಪೂರ್ತಿ ಒಣಗಿದ ಕಾರ್ಟ್ರಿಜ್‌ನಲ್ಲಿ ಸ್ಯೂಡೊಮೋನಾಸ್ ಬಾಳುವುದು ಕಷ್ಟ. ಬೇಸಿಗೆಯಲ್ಲಿ ಕರೆಂಟು ಗಂಟೆಗಟ್ಟಲೆ ಹೋಗುವುದುಂಟು. ನೀರು ಬೆಚ್ಚಗೇ ಇರುತ್ತದೆ, ಪಂಪು ಮಾತ್ರ ನಿಂತಿರುತ್ತದೆ. ಕರೆಂಟು ಬಂದ ಕೂಡಲೇ ಇಳಿಯದೆ, ಕ್ಲೋರಿನ್ ಹಾಕಿ ಒಂದು ಗಂಟೆ ನೀರು ಸುತ್ತಿಸಿ, ಅಳೆದು ನೋಡಿದ ಮೇಲೆಯೇ ಇಳಿಯಿರಿ.

ಬೇವಿನ ಸೊಪ್ಪು, ಪಟಿಕದ ಬಗ್ಗೆ ಕೇಳಿದ್ದೀರಿ. ಪಟಿಕ ಕೆಸರನ್ನು ತಳಕ್ಕೆ ಇಳಿಸುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವ ಭರವಸೆ ಅದರಲ್ಲಿಲ್ಲ. ಬೇವಿನ ಗುಣಗಳನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಎಲೆಯ ರಸ ನೀರಿನಲ್ಲಿ ಕರಗಿದ ಸಾವಯವ ವಸ್ತುವಾಗಿ ಇರುವ ಕ್ಲೋರಿನ್ನನ್ನೂ ತಿಂದುಹಾಕುತ್ತದೆ. ಡೆಟಾಲ್‌ನಂಥ ದ್ರಾವಣಗಳನ್ನು ಟಬ್ಬಿಗೆ ಸುರಿಯುವುದನ್ನು ಕೇಳಿದ್ದೇನೆ, ಅದೂ ಕೂಡದು. ಓಝೋನ್, ಯುವಿ ದೀಪ ಇರುವ ಟಬ್ಬುಗಳಲ್ಲಿ ಅವು ಸಹಾಯ ಮಾಡುತ್ತವೆ. ಆದರೆ ಅವುಗಳ ಕೆಲಸ ನೀರು ಆ ಕೊಳವೆಯ ಮೂಲಕ ಹಾದುಹೋಗುವ ಕ್ಷಣಕ್ಕೆ ಮುಗಿಯುತ್ತದೆ, ಟಬ್ಬಿನಲ್ಲಿ ಪಕ್ಕದಲ್ಲಿ ಕುಳಿತವರಿಂದ ಬಂದದ್ದನ್ನು ಅಲ್ಲೇ ಎದುರಿಸಲು ನೀರಿನಲ್ಲಿ ಉಳಿಯುವ ಕ್ಲೋರಿನ್ ಅಥವಾ ಬ್ರೋಮಿನ್ ಬೇಕೇ ಬೇಕು.

ನಿಮ್ಮ ಅತ್ತೆಯವರ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕವಿದೆ, ಅದಕ್ಕೆ ಕಾರಣ ಮಕ್ಕಳಿಗೆ ಬಂದ ಗುಳ್ಳೆಗಳಲ್ಲ, ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದಲ್ಲಿ ಹರಡಿದ ನ್ಯುಮೋನಿಯಾದಿಂದ ಅದು ಬೆಳಕಿಗೆ ಬಂತು. ನಿಂತ, ಬೆಚ್ಚಗಿನ ನೀರಿನ ಲೋಳೆಯಲ್ಲಿ ಅದು ಬೆಳೆಯುತ್ತದೆ. ಜೆಟ್‌ಗಳು ಎಬ್ಬಿಸುವ ಕಣ್ಣಿಗೆ ಕಾಣದ ತುಂತುರಿನೊಂದಿಗೆ ಶ್ವಾಸಕೋಶ ಸೇರುತ್ತದೆ. ನೀರು ಮುಟ್ಟಬೇಕೆಂದೂ ಇಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನ ಬೋವೆನ್‌ಕಾರ್ಸ್‌ಪೆಲ್ ಎಂಬ ಊರಿನ ಹೂವಿನ ಪ್ರದರ್ಶನದಲ್ಲಿ, ಮಾರಾಟಕ್ಕೆಂದು ಓಡಿಸಿಟ್ಟಿದ್ದ ಬಿಸಿನೀರಿನ ಟಬ್ಬಿನ ತುಂತುರಿನಿಂದ ಸೋಂಕು ಹರಡಿ 30ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಟಬ್ಬಿನೊಳಗೆ ಇಳಿದವರು ಯಾರೂ ಇರಲಿಲ್ಲ, ಪಕ್ಕದಲ್ಲಿ ಹಾದುಹೋದವರಷ್ಟೇ. 50 ದಾಟಿದವರು, ಬೀಡಿ ಸಿಗರೇಟು ಸೇದುವವರು, ಉಬ್ಬಸ ಮೊದಲಾದ ಶ್ವಾಸಕೋಶದ ತೊಂದರೆ ಇರುವವರು ಇದಕ್ಕೆ ಬೇಗ ಈಡಾಗುತ್ತಾರೆ. ಅತ್ತೆಯವರು ಈ ಮೂರರಲ್ಲಿ ಎರಡಕ್ಕೆ ಸೇರುತ್ತಾರೆ.

ಆದ್ದರಿಂದ ಈಗಿರುವ ನೀರು ಚೆಲ್ಲುವವರೆಗೆ ಅವರು ಜೆಟ್ ಓಡುವ ಹೊತ್ತಿನಲ್ಲಿ ಮಾಳಿಗೆಗೆ ಬರುವುದೂ ಬೇಡ. ಟಬ್ ಹೊಸದಾಗಿ ತೊಳೆದು ತುಂಬಿದ ಮೇಲೆ ಎರಡು ಮೂರು ವಾರ ನೀವು ದಿನವೂ ಅಳೆದು ಬರೆದಿಟ್ಟ ಅಂಕಿಗಳು ಒಂದೇ ಸಮನೆ ಸರಿಯಾಗಿದ್ದರೆ, ಅವರ ವೈದ್ಯರು ಒಪ್ಪಿದರೆ, ಆಗ ಯೋಚಿಸಬಹುದು. ಮುಚ್ಚಳದ ಕೆಳಗೆ ಕೂಡಿಕೊಂಡ ಹಬೆ ಉಬ್ಬಸ ಕೆರಳಿಸುತ್ತದೆ. ಹತ್ತು ನಿಮಿಷ ಮೊದಲೇ ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ. ಅವರು ಕುಳಿತಿರುವಾಗ ಜೆಟ್ ಮತ್ತು ಗಾಳಿಯ ಗುಳ್ಳೆ ಬಂದ್ ಇರಲಿ, ಕಾವು 37–38 ಡಿಗ್ರಿ ದಾಟದಿರಲಿ, ಹತ್ತು ನಿಮಿಷ ಸಾಕು. ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ಏಳುವಾಗ ತಲೆ ತಿರುಗಿ ಬೀಳುವುದುಂಟು, ಕೈ ಹಿಡಿಯಲು ಪಕ್ಕದಲ್ಲಿ ಒಬ್ಬರಿರಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ, ಕಾಲಿನಲ್ಲಿ ಹುಣ್ಣು ಇರುವವರಿಗೆ ಟಬ್ ಬೇಡವೇ ಬೇಡ. ನನ್ನ ಅಭಿಪ್ರಾಯ ಕೇಳಿದರೆ, ಮೊಣಕಾಲಿನ ನೋವಿಗೆ ಬಿಸಿನೀರಿನ ಚೀಲದ ಶಾಖವೇ ಕೊಡಬಲ್ಲ ಆರಾಮಕ್ಕಾಗಿ ಅವರನ್ನು ಈ ಅಪಾಯಕ್ಕೆ ಒಡ್ಡುವ ಅಗತ್ಯ ನನಗೆ ಕಾಣುವುದಿಲ್ಲ.

ಟಬ್ ಬಳಸಿದ ಎರಡು ವಾರದೊಳಗೆ ಮನೆಯಲ್ಲಿ ಯಾರಿಗಾದರೂ ಚಳಿಜ್ವರ, ಕೆಮ್ಮು, ಉಸಿರಾಟದ ತೊಂದರೆ ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಟಬ್ಬಿನ ವಿಷಯವನ್ನು ಮೊದಲೇ ತಿಳಿಸಿ. ಲೀಜಿಯೊನೆಲ್ಲಾ ನ್ಯುಮೋನಿಯಾಕ್ಕೆ ಪೆನಿಸಿಲಿನ್ ಗುಂಪಿನ ಸಾಮಾನ್ಯ ಔಷಧಗಳು ನಾಟುವುದಿಲ್ಲ, ಅದನ್ನು ಪತ್ತೆಹಚ್ಚುವ ಮೂತ್ರ ಪರೀಕ್ಷೆಯೂ ಬೇರೆ. ನೀವು ಹೇಳಿದರೆ ಮಾತ್ರ ವೈದ್ಯರ ಯೋಚನೆ ಅತ್ತ ಹೊರಳುತ್ತದೆ. ಗರ್ಭಿಣಿಯರು ಮತ್ತು 5 ವರ್ಷದೊಳಗಿನ ಮಕ್ಕಳು ಹಾಟ್ ಟಬ್ಬಿಗೆ ಇಳಿಯಬಾರದು. ಉಳಿದವರಿಗೂ 40 ಡಿಗ್ರಿಯೇ ಮೇಲ್ಮಿತಿ, 15 ನಿಮಿಷ ಸಾಕು. ತಳದ ನೀರೆಳೆಯುವ ಜಾಲರಿ ಒಡೆದಿದ್ದರೆ ಉದ್ದ ಕೂದಲು ಅದರಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ, ಅದನ್ನು ಬದಲಿಸುವವರೆಗೆ ಟಬ್ ಬಳಸಬೇಡಿ. ವಿದ್ಯುತ್ ಸಂಪರ್ಕಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್) ಇದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ನೋಡಿಸಿ.

ನೀರು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂಬುದಕ್ಕೆ ಸುಲಭದ ಲೆಕ್ಕವೊಂದಿದೆ. ಟಬ್ಬಿನ ಲೀಟರುಗಳನ್ನು 11.4ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಸರಾಸರಿ ಎಷ್ಟು ಜನ ಇಳಿಯುತ್ತಾರೋ ಅದರಿಂದ ಭಾಗಿಸಿ. ಬರುವ ಅಂಕಿ ದಿನಗಳ ಸಂಖ್ಯೆ. ನಿಮ್ಮ 1,200 ಲೀಟರಿಗೆ ಇದು ಸುಮಾರು 105. ವಾರಕ್ಕೆರಡು ದಿನ ನಾಲ್ಕು ಜನ ಕೂರುವುದಾದರೆ ಸರಾಸರಿ ದಿನಕ್ಕೆ ಒಬ್ಬರಿಗಿಂತ ಸ್ವಲ್ಪ ಹೆಚ್ಚು, ಅಂದರೆ ಮೂರು ತಿಂಗಳಿಗೊಮ್ಮೆ. ದಿನವೂ ಮೂವರು ಕುಳಿತರೆ 35 ದಿನಕ್ಕೊಮ್ಮೆ. ಹಬ್ಬದ ದಿನದಂತೆ ಒಮ್ಮೆಗೇ ಬಹಳ ಜನ ಬಂದುಹೋದರೆ ಲೆಕ್ಕಕ್ಕೆ ಕಾಯದೆ ಬದಲಿಸಿ. ನಲ್ಲಿ ನೀರಿಗಾಗಿ ಹಲವು ದಿನ ಕಾಯುವುದು ರೂಢಿಯಾಗಿರುವ ಊರಿನಲ್ಲಿ 1,200 ಲೀಟರ್ ಚೆಲ್ಲುವುದಕ್ಕೆ ನೀವು ಹಿಂಜರಿಯುವುದು ನನಗೆ ಅರ್ಥವಾಗುತ್ತದೆ, ಆ ಹಿಂಜರಿಕೆಯನ್ನು ಗೌರವಿಸುತ್ತೇನೆ. ಆದರೆ ನೀರು ಉಳಿಸುವ ದಾರಿ ಹಳೆಯ ನೀರನ್ನು ಎಳೆಯುವುದರಲ್ಲಿಲ್ಲ; ಮೈ ತೊಳೆದುಕೊಂಡು ಇಳಿಯುವುದರಲ್ಲಿ ಮತ್ತು ಕಡಿಮೆ ಜನ, ಕಡಿಮೆ ಸಲ ಬಳಸುವುದರಲ್ಲಿದೆ.

ಚೆಲ್ಲುವ ನೀರನ್ನು ನೇರವಾಗಿ ಮೋರಿಗೆ ಬಿಡಬೇಕಾಗಿಲ್ಲ. ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ಹೀಟರ್ ಬಂದ್ ಮಾಡಿ, ಮುಚ್ಚಳ ತೆರೆದು ಎರಡು ದಿನ ಬಿಸಿಲಿಗೆ ಬಿಡಿ. ಕಿಟ್ಟಿನಲ್ಲಿ ಗುಲಾಬಿ ಬಣ್ಣ ಬಾರದಾದಾಗ ಆ ನೀರನ್ನು ಅಂಗಳ ತೊಳೆಯಲು, ಗಾಡಿ ತೊಳೆಯಲು, ಶೌಚಾಲಯಕ್ಕೆ ಬಳಸಿ. ಆದರೆ ಈ ಸಲದ ನೀರನ್ನು, ಅದರಲ್ಲಿ ಪೈಪು ತೊಳೆದ ದ್ರಾವಣವೂ ವರ್ಷದ ಸಯನ್ಯೂರಿಕ್ ಆಮ್ಲವೂ ಇರುವುದರಿಂದ, ಒಳಚರಂಡಿಗೇ ಬಿಡಿ. ಮುಂದಿನ ಸಲಗಳ ನೀರಿನಲ್ಲಿಯೂ ಹೈಪೋಕ್ಲೋರೈಟಿನ ಉಪ್ಪು ಸೇರಿರುತ್ತದೆ. ತೆಂಗಿನಂಥ ಗಟ್ಟಿ ಗಿಡಕ್ಕೆ ಒಂದೆರಡು ಸಲ ಹಾಕಿದರೆ ಕೇಡಿಲ್ಲ. ತುಳಸಿ, ಗುಲಾಬಿ ಕುಂಡಗಳಿಗೆ ಮತ್ತು ತರಕಾರಿ ಮಡಿಗೆ ಹಾಕಬೇಡಿ.